ಆರು ಮೊಳ, ಒಂದು ಗೇಣು

ಸಂಜೆ ಲಿಂಗಪೂಜೆ ಮುಗಿದ ಮೇಲೆ, ವಿಭೂತಿಗಟ್ಟಿಯನ್ನು ಡಬ್ಬಿಯಲ್ಲಿಟ್ಟು, ಅವತ್ತು ಶಿವ ನನಗೆ ಮಾಡಿದ ಉಪಕಾರಗಳನ್ನು ಬೆರಳ ಗೆಣ್ಣಿನ ಮೇಲೆ ಎಣಿಸುವುದು ನನ್ನ ರೂಢಿ. ದೊಡ್ಡವೇನೂ ಅಲ್ಲ. ಹಾಲು ಉಕ್ಕುವ ಮೊದಲೇ ನೋಡಿದೆ. ಗಿರಣಿಯಲ್ಲಿ ನನ್ನ ಜೋಳ ಬೀಸಿ ಆದ ಮೇಲೆ ಕರೆಂಟು ಹೋಯಿತು. ಅತ್ತೆಗೆ ಇವತ್ತು ಮೊಣಕಾಲು ನೋಯಲಿಲ್ಲ. ಹೀಗೆ ನಾಲ್ಕೋ ಐದೋ ಸಿಗುತ್ತವೆ, ಎದ್ದು ಒಲೆ ಹಚ್ಚುತ್ತೇನೆ. ಈ ಎಣಿಕೆಯಲ್ಲಿ ಒಂದನ್ನು ನಾನು ಕೆಲವು ವರ್ಷ ತಪ್ಪಾಗಿ ಎಣಿಸಿದೆ. ಅದು ಗಾಡಿ ನಿಲ್ಲಿಸುವ ಒಂದು ಓಣಿಯ ಅಗಲದ ಬಗ್ಗೆ ನಾನು ಹೇಳಿದ ಸುಳ್ಳಿನಿಂದ ಶುರುವಾದದ್ದು. ಬರೆಯಲು ನಾಚಿಕೆಯಾಗುತ್ತದೆ. ಬರೆಯದೆ ಇಟ್ಟುಕೊಂಡರೂ ಅಷ್ಟೇ ಆಗುತ್ತಿದೆ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾವು ಬಸವಕಲ್ಯಾಣದಲ್ಲಿ ಮಾವನವರ ಕಾಲದ ಮನೆಯಲ್ಲಿದ್ದೆವು. ನಮ್ಮ ಮನೆಯವರ ಅಂಗಡಿ ಹುಮನಾಬಾದಿನಲ್ಲಿ. ಪೈಪು, ನೀರೆತ್ತುವ ಮೋಟಾರು ಮಾರುವುದು. ಹಳ್ಳಿಯಿಂದ ಯಾರಾದರೂ ಬಂದು ಮೋಟಾರು ಸುಟ್ಟಿದೆ ಎಂದರೆ ಇವರೇ ಹೋಗಬೇಕು. ಅದಕ್ಕೆಂದು ಒಂದು ಹಳೆಯ ಬಿಳಿ ಕಾರು ತೆಗೆದುಕೊಂಡಿದ್ದರು. ನಮ್ಮ ಓಣಿಗೆ ಕಾರು ಬರುತ್ತಿರಲಿಲ್ಲ. ಕೋಟೆಯ ಕಡೆ ಒಂದು ಬಯಲಿನಲ್ಲಿ ನಿಲ್ಲಿಸಿ, ಅರ್ಧ ಫರ್ಲಾಂಗು ನಡೆದು ಬರುತ್ತಿದ್ದರು. ಬೆಳಗ್ಗೆ ಹೋಗಿ ನೋಡಿದರೆ ಒಂದು ದಿನ ಮೇಲೆ ಆಡು ನಿಂತಿರುತ್ತಿತ್ತು. ಇನ್ನೊಂದು ದಿನ ಆ ಕಡೆಯ ಹೆಣ್ಣುಮಕ್ಕಳು ಬಾನೆಟ್ಟಿನ ಮೇಲೆ ಹಳೆಯ ಧೋತರ ಹಾಸಿ ಸಂಡಿಗೆ ಇಟ್ಟಿದ್ದರು. ಇವರು ಸಿಟ್ಟು ಮಾಡಿದರೆ ಒಬ್ಬ ಮುದುಕಿ, "ತಮ್ಮಾ, ತಗಡ ಛಲೋ ಕಾದದ. ಇನ್ನೊಂದ ತಾಸ ನಿಂದರು, ಒಣಗ್ತಾವ. ನಿನಗೂ ಒಂದ ಹಿಡಿ ಕೊಡ್ತೀನಿ," ಎಂದಳಂತೆ. ಇವರು ನಿಂತರು. ಒಂದು ಹಿಡಿ ಸಂಡಿಗೆ ಜೇಬಿನಲ್ಲಿ ಹಾಕಿಕೊಂಡು ಅಂಗಡಿಗೆ ತಡವಾಗಿ ಹೋದರು.

ಅಂಗಡಿ ಇದ್ದ ಊರಲ್ಲೇ ಮನೆ ಇರಲಿ ಎಂದು ಹುಮನಾಬಾದಿನಲ್ಲಿ ನೋಡತೊಡಗಿದೆವು. ಊರ ಹೊರಗೆ ಹಳ್ಳಿಖೇಡದ ಕಡೆ ಹೋಗುವ ರಸ್ತೆಯ ಮಗ್ಗುಲಿಗೆ ಒಬ್ಬ ಸಾಹುಕಾರರು ಸಾಲಾಗಿ ಮೂರು ಹೊಸ ಮನೆ ಕಟ್ಟಿಸಿದ್ದರು. ಒಂದು ಮೂಲೆಯದು. ಅದಕ್ಕೆ ಅದರದೇ ಗೇಟು, ಗಟಾರದ ಮೇಲಿನಿಂದ ಒಳಗೆ ಹತ್ತುವ ಸಿಮೆಂಟಿನ ಇಳಿಜಾರು. ಉಳಿದ ಎರಡು ಮನೆಗಳ ನಡುವೆ ಒಂದೇ ಓಣಿ. ಎರಡೂ ಮನೆಯವರು ಗಾಡಿಯನ್ನು ಅದರಲ್ಲೇ ನಿಲ್ಲಿಸಬೇಕು, ಎರಡೂ ಅಡುಗೆಮನೆಯ ಬಾಗಿಲು ಆ ಓಣಿಗೇ ತೆರೆಯುತ್ತಿದ್ದವು, ನಳವೂ ಅಲ್ಲೇ ಒಂದು. ಕೊನೆಯ ಮನೆ ಆಗಲೇ ಮಾರಾಟವಾಗಿ ಅವರು ಬಂದು ಇರತೊಡಗಿದ್ದರು. ನಮಗೆ ಉಳಿದದ್ದು ಮೂಲೆಯದು, ನಡುವಿನದು. ನಡುವಿನ ಮನೆ ಎಲ್ಲ ರೀತಿಯಿಂದಲೂ ಚೆನ್ನಾಗಿತ್ತು. ದೇವರ ಕೋಣೆಗೆ ಮೂಡಣ ಬೆಳಕು, ಹಿಂದೆ ಬಟ್ಟೆ ಒಣಗಿಸಲು ಜಾಗ, ಬೆಲೆಯೂ ಕಡಿಮೆ.

"ಗಾಡಿ ಒಳಗ ನಿಂದರಬೇಕು. ಬಾಗಲ ತೆಗದು ಇಳೀಲಿಕ್ಕೆ ಬರಬೇಕು. ನನಗ ಅದೊಂದ ನೋಡು, ಉಳಿದದ್ದು ನಿನ್ನ ಖುಷಿ," ಎಂದರು ಮನೆಯವರು. "ನೀನ ಅಳತಿ ಮಾಡಿ ಬಾ. ನೀ ಮೊಳ ಹಾಕಿದ್ರ ಟೇಪಿಗಿಂತ ಪಕ್ಕಾ."

ಇದು ಮುಖಸ್ತುತಿ ಅಲ್ಲ. ನಾನು ಕೌದಿ ಹೊಲಿಯುತ್ತಿದ್ದೆ. ಹಳೆಯ ಸೀರೆ, ಧೋತರಗಳ ತುಂಡು ಜೋಡಿಸಿ ಹೊಲಿಯುವ ಆ ಹೊದಿಕೆಗೆ ಮೊದಲು ಬೇಕಾದದ್ದು ಅಳತೆ. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ, ಬೆರಳು ಅಗಲಿಸಿದರೆ ಒಂದು ಗೇಣು. ಬಸವಕಲ್ಯಾಣದ ನಮ್ಮ ಓಣಿಯಲ್ಲಿ ತೊಟ್ಟಿಲಿಗೆ, ಬಾಗಿಲ ಪರದೆಗೆ, ಯಾರಿಗೆ ಏನು ಅಳೆಯಬೇಕಿದ್ದರೂ ನನ್ನನ್ನೇ ಕರೆಯುತ್ತಿದ್ದರು. ಎಂದೂ ಕಡಿಮೆ ಬಿದ್ದಿರಲಿಲ್ಲ. ಕಾರನ್ನೂ ಬಯಲಿಗೆ ಹೋಗಿ ಅಳೆದೆ. ಅಗಲ ಮೂರು ಮೊಳ, ಮೇಲೆ ನಾಲ್ಕು ಬೆರಳು. ಬಾಗಿಲು ತೆರೆಯಲು ಒಂದು ಕಡೆಗಾದರೂ ಎರಡು ಮೊಳ ಬೇಕು. ಐದೂವರೆ ಇದ್ದರೆ ನಡುವಿನ ಮನೆ ನಮ್ಮದು ಎಂದು ಲೆಕ್ಕ ಹಾಕಿಕೊಂಡೆ.

ಒಂದು ಭಾನುವಾರ ಅತ್ತೆಯನ್ನು ಕರೆದುಕೊಂಡು ಬಸ್ಸಿನಲ್ಲಿ ಹೋದೆ. ಬಿಸಿಲು ಬಹಳವಿತ್ತು. ಅತ್ತೆ ಮೂಲೆಯ ಮನೆಯ ನೆರಳಿಗೆ ಕೂತರು. ನಾನು ಸೆರಗು ಸಿಕ್ಕಿಸಿಕೊಂಡು ಓಣಿಗೆ ಹೋಗಿ, ಕುಕ್ಕರಗಾಲಲ್ಲಿ ಕೂತು, ಈ ಗೋಡೆಯಿಂದ ಆ ಗೋಡೆಗೆ ಹಸಿ ವಾಸನೆಯ ಸಿಮೆಂಟಿನ ಮೇಲೆ ಮೊಳ ಹಾಕುತ್ತಾ ಹೋದೆ. ನಮ್ಮಲ್ಲಿ ಎಣಿಸುವಾಗ ಒಂದು ಎನ್ನುವುದಿಲ್ಲ. ಕಣದಲ್ಲಿ ಧಾನ್ಯ ಅಳೆಯುವಾಗ ಹೇಳುವಂತೆ ಮೊದಲನೆಯದಕ್ಕೆ ಲಾಭ ಎನ್ನುತ್ತೇವೆ. ನಾನು ಹಾಗೆಯೇ ಬಾಯಿಬಿಟ್ಟು ಎಣಿಸಿದೆ. "ಲಾಭ. ಎರಡ. ಮೂರ. ನಾಕ. ಐದ. ಆರ." ಆರರ ಮೇಲೆ ಒಂದು ಗೇಣು ಉಳಿಯಿತು.

ಖುಷಿಯಿಂದ ತಲೆ ಎತ್ತಿದೆ. ಕೊನೆಯ ಮನೆಯ ಅಡುಗೆಮನೆಯ ಬಾಗಿಲಲ್ಲಿ ನನ್ನ ವಯಸ್ಸಿನ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಬಿಳಿ ಸೀರೆ, ಕೈಯಲ್ಲಿ ಗಡಿಯಾರ. ಸರಕಾರಿ ದವಾಖಾನೆಯ ನರ್ಸಬಾಯಿ ಎಂದು ಸಾಹುಕಾರರು ಹೇಳಿದ್ದು ಇವಳೇ ಎಂದು ತಿಳಿಯಿತು. ಮೊಣಕೈವರೆಗೆ ಸಿಮೆಂಟಿನ ಪುಡಿ ಹತ್ತಿದ್ದ ನನ್ನ ಕೈ ನೋಡಿ ನಕ್ಕಳು.

"ವೈನಿ, ನೀವೇನ ಮನಿ ನೋಡ್ಲಿಕ್ಕೆ ಬಂದೀರೋ, ಓಣಿ ಸಾರಸ್ಲಿಕ್ಕೆ ಬಂದೀರೋ?"

ನನಗೂ ನಗು ಬಂತು. ಅವಳು ಕೊಡದಿಂದ ನೀರು ಹಾಕಿದಳು, ನಾನು ಕೈ ತೊಳೆದೆ. "ನಿಮ್ದು ಕಾರ ಅದಂತಲ್ಲ? ಒಳಗ ಹಾಕ್ರಿ. ನಮ್ಮನ್ಯಾಗ ಬರೇ ಒಂದ ಸ್ಕೂಟರ. ಅದನ್ನ ಹಿಂದ ನಳದ ಹತ್ತಿರ ಹಚ್ತೀವಿ, ನಿಮಗ ಅಡ್ಡ ಬರಂಗಿಲ್ಲ," ಎಂದಳು. ಎಷ್ಟು ಸಲೀಸಾಗಿ ಹೇಳಿದಳು. ನಾನು ಮನೆ ಹಿಡಿದೇ ಬಿಟ್ಟೆನೇನೋ ಎಂಬಂತೆ. ಆಮೇಲೆ ಒಳಗೆ ಹೋಗಿ ಹಿತ್ತಾಳೆಯ ತಂಬಿಗೆಯಲ್ಲಿ ಕುಡಿಯಲು ನೀರು ತಂದಳು. ಅವಳು ಹೋಗಿ ಬರುವಷ್ಟರಲ್ಲಿ ತೆರೆದ ಬಾಗಿಲಿನಿಂದ ನನಗೆ ಒಳಗಿನ ಗೋಡೆ ಕಂಡಿತು. ಹೂ ಏರಿಸಿದ ಬುದ್ಧನ ಫೋಟೋ. ಅದರ ಕೆಳಗೆ ಇಬ್ಬರು ಹೆಣ್ಣುಮಕ್ಕಳು ಪಾಟಿಯ ಮೇಲೆ ಬರೆಯುತ್ತಿದ್ದರು.

ಅವರು ಬೌದ್ಧರು, ಊರು ಮುಟ್ಟಿಸಿಕೊಳ್ಳದ ಜಾತಿಯಿಂದ ಬುದ್ಧನ ಕಡೆ ಹೋದವರು. ಅವರಿಗೆ ನಮ್ಮ ಮಂದಿ ಆಗ ಮನೆಯೊಳಗೆ ಬೇರೆ ಹೆಸರು ಹೇಳುತ್ತಿದ್ದರು, ನಾನೂ ಹೇಳಿದ್ದೇನೆ, ಇಲ್ಲಿ ಬರೆಯಲಾರೆ.

ತಂಬಿಗೆ ನನ್ನ ಮುಂದೆ ಬಂತು. "ಇವತ್ತ ನಂದು ಉಪವಾಸ ಅದ್ರಿ," ಎಂದೆ.

"ನೀರಿಗೂ ಉಪವಾಸ ಏನ್ರಿ?"

"ಹೌದ್ರಿ. ನೀರೂ ಇಲ್ಲ."

"ಸೋಮವಾರ ನಾಳಿಗಿ ಅಲ್ರಿ ವೈನಿ?" ಎಂದಳು. ಅವಳು ತಂಬಿಗೆಯನ್ನು ಹೊಸ್ತಿಲ ಮೇಲೆ ಇಟ್ಟಳು. ಈಗ ತಾನೇ ಅವಳ ಕೊಡದ ನೀರಿನಲ್ಲಿ ತೊಳೆದ ನನ್ನ ಕೈ ಇನ್ನೂ ಒದ್ದೆಯಾಗಿತ್ತು.

ಮೂಲೆಯ ಮನೆಯ ನೆರಳಿಗೆ ಬಂದೆ. ಅತ್ತೆ, "ಎಷ್ಟ ಬಂತ?" ಎಂದರು.

"ಐದೂ ತುಂಬಲಿಲ್ಲ ಅತ್ತಿ. ಗಾಡಿ ಹೋದ್ರ ಬಾಗಲ ತೆಗಿಲಿಕ್ಕೆ ಬರಂಗಿಲ್ಲ."

ಗಟ್ಟಿಯಾಗಿಯೇ ಹೇಳಿದೆ. ಅವಳು ಇನ್ನೂ ಬಾಗಿಲಲ್ಲೇ ನಿಂತಿದ್ದಳು, ನಡುವೆ ಇದ್ದದ್ದು ಒಂದು ಮನೆಯಷ್ಟು ದೂರ. ಬಸ್‌ಸ್ಟ್ಯಾಂಡಿನಲ್ಲಿ ಅತ್ತೆಗೂ ನನಗೂ ಹಸಿವಾಯಿತು. ಗಾಡಿಯವನ ಹತ್ತಿರ ಮಿರ್ಚಿಭಜಿ ತಿಂದು, ಎರಡು ಕಪ್ಪು ಚಹಾ ಕುಡಿದೆವು. ಆ ಚಹಾ ಯಾರು ಕಾಸಿದ್ದರು, ನೀರು ಯಾವ ಕೊಡದ್ದು, ಕೇಳಲಿಲ್ಲ.

ನಮ್ಮ ಮನೆಯ ಗೋಡೆಯ ಮೇಲೆ ಶರಣರ ಪಟವಿತ್ತು. ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ ಊರು ನಮ್ಮದು ಎಂದು ನಾನು ಬೇರೆ ಊರಿಂದ ಬಂದ ನೆಂಟರಿಗೆ ಹೆಮ್ಮೆಯಿಂದ ಹೇಳುತ್ತಿದ್ದೆ. ಆ ಸಂಜೆಯೂ ಪಟಕ್ಕೆ ದೀಪ ಹಚ್ಚಿದೆ. ಮನೆಯವರು ಬಂದು "ಎಷ್ಟ?" ಎಂದು ಕೇಳಿದಾಗ ಮತ್ತೆ "ಐದೂ ತುಂಬಲಿಲ್ಲ" ಎಂದೆ. ಇವರು ನನ್ನ ಮುಖವನ್ನು ಒಂದು ಕ್ಷಣ ನೋಡಿ, "ಹಂಗಾದ್ರ ಮೂಲಿದೇ ತಗೋಳೋಣ," ಎಂದರು. ಮತ್ತೇನೂ ಕೇಳಲಿಲ್ಲ. ಹೆಚ್ಚು ಕೇಳಲಿಲ್ಲವಲ್ಲ ಎಂದು ಅದನ್ನೂ ಅವತ್ತಿನ ಎಣಿಕೆಯಲ್ಲಿ ಸೇರಿಸಿಕೊಂಡೆ.

ಮೂಲೆಯ ಮನೆಗೆ ಹೋದ ದಿನವೇ ಕಾರು ಇಳಿಜಾರು ಹತ್ತಲಿಲ್ಲ. ಅರ್ಧಕ್ಕೆ ಹೋಗಿ ಅದರ ಹೊಟ್ಟೆ ಸಿಮೆಂಟಿಗೆ ಉಜ್ಜಿ ಕರ್ ಎಂದು ಸದ್ದು ಮಾಡಿತು. ಮನೆಯ ಬುನಾದಿ ಎತ್ತರ, ರಸ್ತೆ ಗಿಡ್ಡ, ನಡುವೆ ಗಟಾರ. ಅಳೆಯಬೇಕಾದದ್ದು ಇಲ್ಲಿ ಅಗಲವನ್ನಲ್ಲ, ಏರನ್ನು. ಅದು ನನ್ನ ತಲೆಗೇ ಬಂದಿರಲಿಲ್ಲ. ಯಾಕೆಂದರೆ ಈ ಮನೆಯನ್ನು ನಾನು ನೋಡಲೇ ಇಲ್ಲ, ಆ ಮನೆಯಿಂದ ಓಡಿಬಂದು ಇದರಲ್ಲಿ ಹೊಕ್ಕೆ ಅಷ್ಟೇ. ಗೌಂಡಿಯನ್ನು ಕರೆಸಿ ಇಳಿಜಾರನ್ನು ರಸ್ತೆಯವರೆಗೆ ಉದ್ದ ಮಾಡಿಸಿದೆವು. ಗಟಾರ ಬಳಿಯಲು ಬಂದವರು ಅದನ್ನು ಒಡೆದುಹಾಕಿದರು. "ಇದಕ್ಕ ಕಾರ ಬ್ಯಾಡ, ಆಡ ಕಟ್ಟಬೇಕು. ಅದಾದ್ರ ತಾನ ಹತ್ತತದ," ಎಂದರು ಇವರು. ಕಾರು ಮತ್ತೆ ಹೊರಗೆ ನಿಂತಿತು.

ಇತ್ತ ನಡುವಿನ ಮನೆ ವರ್ಷಗಟ್ಟಲೆ ಖಾಲಿ ಬಿತ್ತು. ನೋಡಲು ಬಂದವರು ನಮ್ಮ ಗೇಟಿಗೂ ಬಂದು ಕೇಳುತ್ತಿದ್ದರು, "ವೈನಿ, ನೀವು ಅಳತಿ ಮಾಡಿ ಬಿಟ್ರಂತ, ಗಾಡಿ ಹೋಗಂಗಿಲ್ಲಂತ, ಖರೇನ್ರಿ?" ನಾನು ಪ್ರತಿ ಸಲ ಖರೇ ಎಂದೆ. ಒಂದು ಸಲ ಹೇಳಿದ ಮೇಲೆ ಬೇರೆ ಹೇಳುವುದು ಹೇಗೆ? ಸಾಹುಕಾರರು ಆ ಮನೆಯ ಸಲುವಾಗಿ ಎಷ್ಟು ಅಲೆದರೋ. ನರ್ಸಬಾಯಿಯ ಮಕ್ಕಳು ಆ ಖಾಲಿ ಓಣಿಯಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದರು. ಅವಳು ದವಾಖಾನೆಗೆ ಹೋಗುವಾಗ ನಮ್ಮ ಗೇಟಿನ ಮುಂದೆಯೇ ಹೋಗಬೇಕು. "ಚಹಾ ಆತೇನ್ರಿ ವೈನಿ?" ಎಂದು ಕೇಳಿಯೇ ಹೋಗುತ್ತಿದ್ದಳು. ಅತ್ತೆಗೆ ಸೂಜಿ ಹಾಕಬೇಕಾದಾಗ ತಾನೇ ಬಂದು ಹಾಕಿದಳು. ಆಗ ನಾನು ಅವಳಿಗೆ ಚಹಾ ಕೊಟ್ಟೆ, ಅವಳು ಕುಡಿದಳು. ಆ ಕಪ್ಪನ್ನು ನಾನು ಬೇರೆ ಇಟ್ಟೆ. ಇದನ್ನು ಬರೆಯಬಾರದೆಂದುಕೊಂಡಿದ್ದೆ. ಇರಲಿ.

ಕಬ್ಬಿನ ಹಂಗಾಮು ಬಂದರೆ ನಮ್ಮ ರಸ್ತೆಯಲ್ಲಿ ಹಗಲೆಲ್ಲ ಹಳ್ಳಿಖೇಡದ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳು. ಒಂದಕ್ಕೆ ಎರಡು ಟ್ರೇಲರು, ಎರಡೂ ಬದಿಗೆ ಕಬ್ಬಿನ ಸೋಗೆ ಜೋತಾಡುತ್ತಿರುತ್ತದೆ. ಒಂದು ಮಧ್ಯಾಹ್ನ ಹಿಂದಿನ ಟ್ರೇಲರು ಕಾರಿಗೆ ತಾಗಿ ಕನ್ನಡಿಯನ್ನು ಕಿತ್ತುಕೊಂಡು ಹೋಯಿತು, ಬಾಗಿಲಿನ ಉದ್ದಕ್ಕೂ ಗೀರು. ಸದ್ದಿಗೆ ನಾನೂ ಹೊರಗೆ ಬಂದೆ, ನರ್ಸಬಾಯಿಯೂ ಬಂದಳು. ಊಟಕ್ಕೆ ಬಂದಿದ್ದ ಇವರು ಎಂಜಲು ಕೈಯಲ್ಲೇ ಗೇಟಿಗೆ ಓಡಿದರು.

ಅವಳು ಕನ್ನಡಿಯ ಚೂರುಗಳನ್ನು ಕಾಲಿನಿಂದ ಬದಿಗೆ ಸರಿಸುತ್ತಾ, "ಅಣ್ಣಾರ, ನಮ್ಮ ಓಣ್ಯಾಗ ಹಚ್ರಿ ಗಾಡಿ. ಖಾಲೀನೇ ಅದ. ಸಾಹುಕಾರ್ರಿಗಿ ನಾನು ಹೇಳ್ತೀನಿ," ಎಂದಳು.

ಇವರು ನನ್ನ ಕಡೆ ನೋಡಿದರು. "ಅದು ಐದ ಮೊಳಾನೂ ಇಲ್ಲಂತಲ್ರಿ."

"ಮತ್ತೊಮ್ಮಿ ಹಾಕಿ ನೋಡ್ರಿ," ಎಂದಳು. ಅವಳ ಹಿರಿಯ ಮಗಳು, "ಅವ್ವಾ, ಶಾಲಿ ಟೇಪ್ ಅದ, ತರ್ಲೇನ?" ಎಂದಳು. "ಟೇಪ್ ಯಾಕ? ವೈನಿ ಮೊಳ ಹಾಕ್ತಾರಲ್ಲ," ಎಂದಳು ತಾಯಿ. ನನ್ನ ಕಡೆ ನೋಡಲಿಲ್ಲ.

ಹೋದೆ. ಬೇರೆ ದಾರಿ ಇರಲಿಲ್ಲ. ಅದೇ ಗೋಡೆಯ ಬುಡಕ್ಕೆ ಕುಕ್ಕರಗಾಲಲ್ಲಿ ಕೂತು ಕೈ ಹಾಸಿದೆ. ಬಾಯಿಬಿಟ್ಟು ಎಣಿಸಬಾರದೆಂದುಕೊಂಡರೂ ರೂಢಿಯ ಬಾಯಿ, ಬಿಟ್ಟಿತು. "ಲಾಭ." ಹಿಂದಿನಿಂದ ಅವಳ ಇಬ್ಬರು ಹೆಣ್ಣುಮಕ್ಕಳು ಆಟವೆಂದು ಬಗೆದು ನನ್ನ ಜೊತೆ ಕೂಗತೊಡಗಿದರು. "ಎರಡ! ಮೂರ! ನಾಕ! ಐದ! ಆರ!" ಆರರ ಮೇಲೆ ಗೇಣು ಹಾಕಿದೆ. ಬೆರಳು ಗೋಡೆಗೆ ಸರಿಯಾಗಿ ತಾಗಿತು.

"ಆವಾಗ ಐದ ಅಂದಿದ್ದಿ," ಎಂದರು ಇವರು.

ನಾನು ಕೂತಲ್ಲಿಂದ ಏಳಲಿಲ್ಲ. ಕಿವಿಯೊಳಗೆ ಬಿಸಿ ನೀರು ಹೊಯ್ದ ಹಾಗಾಗಿತ್ತು. ಇನ್ನೇನು ಅವಳು ಹೇಳುತ್ತಾಳೆ, ನಾನು ಕೇಳಿಸಿಕೊಂಡಿದ್ದೆ ಆರು ಅಂದದ್ದನ್ನ, ಎನ್ನುತ್ತಾಳೆ ಎಂದು ಕಾದೆ.

"ಆವಾಗ ಇಲ್ಲಿ ಉಸುಕಿನ ಕುಪ್ಪಿ ಇತ್ತಲ್ರಿ ಅಣ್ಣಾರ," ಎಂದಳು ಅವಳು. "ಗೋಡಿ ಬುಡಕ್ಕ ಇಷ್ಟೆತ್ತರ ಉಸುಕ ಬಿದ್ದಿತ್ತು. ಹ್ಯಾಂಗ ಅಳೀತಾರ?"

ಮರಳಿನ ಕುಪ್ಪೆ ಇರಲಿಲ್ಲ. ಹಸಿ ಸಿಮೆಂಟು ಇತ್ತು, ನಾನು ಇದ್ದೆ, ತಂಬಿಗೆ ಇತ್ತು.

"ಹಂಗೇನ," ಎಂದರು ಇವರು. ಕೈ ತೊಳೆದುಕೊಂಡು ಬಂದು ಕಾರನ್ನು ಒಳಗೆ ತಂದು ನಿಲ್ಲಿಸಿ, ಬಾಗಿಲು ಪೂರ್ತಿ ತೆರೆದು ಇಳಿದರು. ಅವತ್ತಿನಿಂದ ಕಾರು ಅವರ ಓಣಿಯಲ್ಲಿ. ಆ ಸಂಜೆ ಪೂಜೆ ಮುಗಿಸಿ ಮೊದಲ ಗೆಣ್ಣಿಗೆ ಅದನ್ನೇ ಎಣಿಸಿದೆ. ನಾಲ್ಕು ಮಂದಿಯೆದುರು ಆ ತಾಯಿ ನನ್ನ ಮಾನ ಉಳಿಸಿದಳು. ಎಣಿಸುವಾಗ ಕಣ್ಣಲ್ಲಿ ನೀರೂ ಬಂತು. ಆ ದಿನವೊಂದೇ ಅಲ್ಲ, ಮುಂದೆಯೂ ಕಾರು ಕಂಡಾಗಲೆಲ್ಲ ಅದನ್ನು ಎಣಿಸುತ್ತಿದ್ದೆ.

ಮಾರನೆಯ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಇವರಿಗೆ ಹೇಳಿಬಿಟ್ಟೆ. "ಉಸುಕ ಇರಲಿಲ್ರಿ. ಆವತ್ತೂ ಆರ ಮೊಳಾನೇ ಇತ್ತು."

ಇವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. "ನಂದು ಪೈಪಿನ ಅಂಗಡಿ," ಎಂದರು. "ನಾಕ ಟೇಪ್ ಅವ ಅಂಗಡ್ಯಾಗ. ದಿನಾ ಆ ಮನಿ ಮುಂದನ ಹೋಗ್ತಿದ್ದೆ. ಒಂದ ದಿನಾನೂ ಇಳದು ಹಿಡದು ನೋಡಲಿಲ್ಲ."

"ಯಾಕ್ರಿ?"

"ಬಾಜೂ ಮನಿ ಯಾರದಂತ ಸಾಹುಕಾರ್ರು ನನಗ ಮೊದಲ ಹೇಳಿದ್ರು."

ಅಷ್ಟೇ. ನನ್ನ ತಾಟಿನಲ್ಲಿ ಪಲ್ಯ ಹಾಗೆಯೇ ಉಳಿಯಿತು. ಸುಳ್ಳನ್ನು ಹೇಳಲೆಂದೇ ನನ್ನನ್ನು ಕಳಿಸಿದ್ದರೋ, ನಾನು ಹೇಳಿದ್ದು ಅವರಿಗೆ ಅನುಕೂಲವಾಯಿತೋ, ಕೇಳಲಿಲ್ಲ. ಕೇಳಿದರೆ ನನ್ನ ಪಾಲು ಕಡಿಮೆಯಾಗುತ್ತದೆಯೇನೋ ಎಂಬ ಆಸೆ ಹುಟ್ಟಿತು, ಆ ಆಸೆಗೇ ಹೆದರಿ ಸುಮ್ಮನಾದೆ. ಮೊಳ ಹಾಕಿದ ಕೈಯೂ ಸುಳ್ಳು ಹೇಳಿದ ಬಾಯಿಯೂ ನನ್ನವೇ.

ಆಮೇಲೆ ನಾನು ಅವರ ಮನೆಗೆ ಹೋಗತೊಡಗಿದೆ. ನೀರು ಕುಡಿದೆ, ಚಹಾ ಕುಡಿದೆ. ಬೇರೆ ಇಟ್ಟಿದ್ದ ಕಪ್ಪನ್ನು ಎಲ್ಲ ಕಪ್ಪುಗಳ ಜೊತೆ ಸೇರಿಸಿದೆ. ಕಿರಿಯ ಮಗಳಿಗೆ ಒಂದು ಕೌದಿಯನ್ನೂ ಹೊಲಿದುಕೊಟ್ಟೆ. ಆದರೆ ಆ ಒಂದು ಮಾತನ್ನು ಮಾತ್ರ ಅವಳಿಗೆ ಹೇಳಲಿಲ್ಲ. ನಾಳೆ ಹೇಳಿದರಾಯಿತು, ಹಬ್ಬ ಆಗಲಿ, ಅತ್ತೆ ಮಲಗಿದ ಮೇಲೆ, ಹೀಗೆ ಮೂರು ವರ್ಷ ಹೋದವು.

ಅವಳಿಗೆ ಬೀದರಿನ ಕಡೆ ವರ್ಗವಾಯಿತು. ಸಾಮಾನು ಒಯ್ಯಲು ಟೆಂಪೋ ಬಂದು ರಸ್ತೆಯಲ್ಲಿ ನಿಂತ ದಿನ ಬೆಳಗ್ಗೆ, ಇನ್ನು ಹೇಳದಿದ್ದರೆ ಹೇಳುವುದೇ ಇಲ್ಲ ಎಂದು ಸೆರಗು ಹೊದ್ದು ಹೋದೆ. ಅವಳು ಅಡುಗೆಮನೆಯಲ್ಲಿ ಡಬ್ಬಿಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು.

"ಬಾಯಿ," ಎಂದೆ, "ಇಲ್ಲಿ ಉಸುಕ ಇರಲಿಲ್ಲ. ನಾ ಸುಳ್ಳ ಹೇಳಿದ್ದೆ. ನಿಮ್ಮ ಫೋಟೋ ನೋಡಿ ಹೇಳಿದ್ದೆ."

"ಗೊತ್ತದ್ರಿ," ಎಂದಳು. ಡಬ್ಬಿಯ ಮುಚ್ಚಳ ಒತ್ತಿದಳು. "ನೀವು ಲಾಭ ಅಂದಾಗಿಂದ ನಾನೂ ಎಣಸ್ಲಿಕತ್ತಿದ್ದೆ. ಛಲೋ ಮಂದಿ ಬಾಜೂಕ ಬರ್ತಾರ ಅಂತ ಎಣಸ್ತಿದ್ದೆ."

"ಗೊತ್ತಿದ್ದೂ ನನ್ನ ಮಾನ ಕಾದ್ರಿ. ನಿಮ್ಮ ಉಪಕಾರ..."

"ಇಲ್ರಿ ವೈನಿ." ಈ ಸಲ ಅವಳು ನನ್ನ ಕಡೆ ನೋಡಿದಳು. ಮುಖದಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ. "ಉಸುಕ ನಿಮ್ಮ ಸಲುವಾಗಿ ಹಾಕಲಿಲ್ಲ. ನನ್ನ ಹುಡುಗೇರು ಅಲ್ಲೇ ನಿಂತಿದ್ರು. ಆರ ಇದ್ದದ್ದು ಐದ ಯಾಕ ಅಂದ್ರು ಅವ್ವಾ ಅಂತ ಕೇಳ್ತಿದ್ರು. ನಾ ಏನ ಹೇಳ್ಲಿ?"

ಅಷ್ಟು ದಿನ ನನ್ನ ಗೆಣ್ಣಿನ ಮೇಲೆ ನಾನು ಎಣಿಸಿದ್ದು ನನ್ನದಾಗಿರಲಿಲ್ಲ. ಒಬ್ಬ ತಾಯಿ ತನ್ನ ಮಕ್ಕಳ ಕಿವಿಗೆ ಅಡ್ಡ ಇಟ್ಟ ಕೈಯನ್ನು, ನನ್ನ ತಲೆಯ ಮೇಲೆ ಇಟ್ಟ ಕೈ ಎಂದು ತಿಳಿದು ದೇವರ ಮುಂದೆ ಕಣ್ಣೀರು ಹಾಕಿದ್ದೆ.

ಅವಳು ಚೀಲದ ಬಾಯಿ ಕಟ್ಟಿ ಎದ್ದಳು. "ಅಣ್ಣಾರ ಅಂಗಡಿಗಿ ಹೋಗ್ಯಾರೇನು? ನಿಮ್ಮ ಗಾಡಿ ತಗೀಬೇಕಲ್ಲ. ಟೆಂಪೋ ಒಳಗ ಬರಬೇಕು, ಕಬ್ಬಿಣದ ಕಪಾಟ ಅದ, ರಸ್ತೇದ ಮಟ ಹೊರಲಿಕ್ಕಾಗಂಗಿಲ್ಲ."

ಇವರು ಅಂದು ಯಾರದೋ ಮೋಟಾರ್‌ಸೈಕಲ್ಲಿನ ಹಿಂದೆ ಕೂತು ಹಳ್ಳಿಗೆ ಹೋಗಿದ್ದರು. ನನಗೆ ಗಾಡಿ ಹೊಡೆಯಲು ಬರುವುದಿಲ್ಲ. ಚಾವಿ ತಂದೆ. ಟೆಂಪೋದವನು ಗೇರು ತೆಗೆದು ಬ್ರೇಕು ಬಿಟ್ಟು ಸ್ಟಿಯರಿಂಗು ಹಿಡಿದ. ಅವಳು ಒಂದು ಬದಿ, ನಾನು ಒಂದು ಬದಿ, ಬೆಳೆದು ನಿಂತಿದ್ದ ಇಬ್ಬರು ಹೆಣ್ಣುಮಕ್ಕಳು ನಡುವೆ, ಬಾನೆಟ್ಟಿಗೆ ಕೈ ಹಚ್ಚಿ ನೂಕಿದೆವು. ಕಾರು ಹಿಂದಕ್ಕೆ ಸರಿದು ರಸ್ತೆಯ ಬದಿಗೆ ಹೋಗಿ ನಿಂತಿತು.

ಆಮೇಲೆ ಟೆಂಪೋ ಹಿಮ್ಮುಖವಾಗಿ ಓಣಿಯೊಳಗೆ ಬಂತು. ಕಾರಿಗಿಂತ ಅಗಲದ ಗಾಡಿ ಅದು. ಹಿರಿಯ ಮಗಳು "ಬರ್ಲಿ, ಬರ್ಲಿ, ಇನ್ನೂ ಬರ್ಲಿ" ಎಂದು ಕೈ ಆಡಿಸುತ್ತಿದ್ದಳು. ಎರಡೂ ಕಡೆ ಎಲ್ಲಿಯೂ ತಾಗಲಿಲ್ಲ. ಅದು ಪೂರ್ತಿ ಒಳಗೆ ಬಂದು ನಿಂತಾಗ ನಾನು ಇನ್ನೂ ಖಾಲಿಯಿದ್ದ ನಡುವಿನ ಮನೆಯ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದೆ. ನನಗೂ ನಿಲ್ಲಲು ಜಾಗವಿತ್ತು.